ಪರದೆಯ ಮೇಲೆ 3.6, ಚಾವಡಿಯ ನಡುವೆ 14: ಬದಿಯಡ್ಕದ ಬಳಿಯ ಒಂದು ಸ್ಲಾಬಿನ ಬಾಗು

ಕಾಸರಗೋಡು ಜಿಲ್ಲೆಯ ಒಳನಾಡಿನಲ್ಲಿ ಮನೆಗಳು ಒಂದೇ ಸಲಕ್ಕೆ ಕಟ್ಟಿ ಮುಗಿಯುವುದು ಕಡಿಮೆ. ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವವರು ಒಂದು ರಜೆಯಲ್ಲಿ ನೆಲ ಅಂತಸ್ತನ್ನು ಮುಗಿಸಿ, ಸ್ಲಾಬಿನ ಮೇಲೆ ಮುಂದಿನ ಅಂತಸ್ತಿಗೆಂದು ಕಂಬಿಗಳನ್ನು ಹೊರಗೆ ಬಿಟ್ಟು, ನಾಲ್ಕಾರು ವರ್ಷ ಕಳೆದ ಮೇಲೆ ಉಪ್ಪರಿಗೆಗೆ ಕೈ ಹಾಕುತ್ತಾರೆ. ಅಷ್ಟರಲ್ಲಿ ಮನೆಯವರ ಬೇಡಿಕೆ ಬದಲಾಗಿರುತ್ತದೆ, ಕೋಣೆಗಳ ಹಂಚಿಕೆ ಬದಲಾಗಿರುತ್ತದೆ, ಆದರೆ ಕೆಳಗಿನ ಸ್ಲಾಬು ಮೊದಲಿನ ನಕ್ಷೆಗೆ ತಕ್ಕಂತೆಯೇ ಇರುತ್ತದೆ. ಇಲ್ಲಿ ವಿವರಿಸುವ ಪ್ರಕರಣವೂ ಅಂಥದ್ದೇ. ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಕೆ ತೋಟದ ಮೇಲ್ಬದಿಯ ದರೆಯಲ್ಲಿರುವ ಕೆಂಪುಕಲ್ಲಿನ ಮನೆಯೊಂದರ ನೆಲ ಅಂತಸ್ತಿನ ಸ್ಲಾಬು ಮೂರು ಮಳೆಗಾಲಗಳನ್ನು ಕಂಡಿತ್ತು. ಉಪ್ಪರಿಗೆಯಲ್ಲಿ ಚಾವಡಿಯ ಮೇಲಿನ ಜಾಗವನ್ನು ಉದ್ದಕ್ಕೆ ಎರಡಾಗಿ ಸೀಳುವ ಒಂದು ಗೋಡೆ ಬೇಕೆಂದು ಮನೆಯವರು ಬಯಸಿದ್ದರು. ಅಲ್ಲಿ ಕೆಂಪುಕಲ್ಲಿನ ಗೋಡೆ ಕಟ್ಟಬಹುದೇ ಎಂಬುದು ನಮ್ಮ ಮುಂದಿದ್ದ ಪ್ರಶ್ನೆ.

ಮನೆಯವರ ಬಳಿ ಮೊದಲ ವಿನ್ಯಾಸದ ಕಡತ ಇತ್ತು. ಇದು ಅಪರೂಪದ ಭಾಗ್ಯ, ಹೆಚ್ಚಿನ ಮನೆಗಳಲ್ಲಿ ಅದೂ ಇರುವುದಿಲ್ಲ. ಅದರ ಪ್ರಕಾರ ಚಾವಡಿಯೂ ಊಟದ ಜಾಗವೂ ಕೂಡಿದ ಅಂಕಣದ (ಎರಡು ಆಧಾರಗಳ ನಡುವಿನ ಹರವಿನ) ಕಿರಿದಾದ ಅಳತೆ, ಗೋಡೆಯ ನಡುವಿನಿಂದ ಗೋಡೆಯ ನಡುವಿಗೆ, 4.6 ಮೀಟರ್, ಉದ್ದ ಅದರ ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ಇದು ಒಂದೇ ದಿಕ್ಕಿಗೆ ಭಾರ ಒಯ್ಯುವ ಸ್ಲಾಬು. ದಪ್ಪ 150 ಮಿ.ಮೀ., ಕಾಂಕ್ರೀಟಿನ ಬಲದ ದರ್ಜೆ ಎಂ20, ಕಂಬಿಯದು ಎಫ್ಇ500, ತಳದಲ್ಲಿ 10 ಮಿ.ಮೀ. ಕಂಬಿಗಳು 125 ಮಿ.ಮೀ. ಅಂತರದಲ್ಲಿ. 20 ಮಿ.ಮೀ. ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟು) ಮತ್ತು ಕಂಬಿಯ ಅರ್ಧ ದಪ್ಪ 5 ಮಿ.ಮೀ. ಕಳೆದರೆ ಪರಿಣಾಮಕಾರಿ ಆಳ, ಅಂದರೆ ಮೇಲಂಚಿನಿಂದ ಕಂಬಿಯ ನಡುವಿನವರೆಗಿನ ಅಳತೆ, 125 ಮಿ.ಮೀ. ಒಂದು ಬದಿಯಲ್ಲಿ ಸ್ಲಾಬು ಹೊರಗೋಡೆಯ ಮೇಲೆ ಕೊನೆಗೊಳ್ಳುತ್ತದೆ. ಇನ್ನೊಂದು ಬದಿಯಲ್ಲಿ ಗೋಡೆಯನ್ನು ದಾಟಿ 3.3 ಮೀಟರಿನ ಮಲಗುವ ಕೋಣೆಯ ಮೇಲೆ ಮುಂದುವರಿಯುತ್ತದೆ. ಆ ಗೋಡೆಯ ಮೇಲೆ ಮೇಲ್ಪದರದ ಕಂಬಿಗಳನ್ನು 150 ಮಿ.ಮೀ. ಅಂತರದಲ್ಲಿ ತೋರಿಸಲಾಗಿತ್ತು.

ಕಡತದ ಕೊನೆಯಲ್ಲಿ, ಕಟ್ಟಡಗಳ ಬಲವನ್ನು ಲೆಕ್ಕಹಾಕುವ ಸ್ಟಾಡ್ ಪ್ರೊ ತಂತ್ರಾಂಶದ ಮುದ್ರಿತ ಪುಟವೊಂದಿತ್ತು. ಸ್ವಂತ ತೂಕ, ನೆಲಹಾಸು, ಸಾರಣೆ, ಬಳಕೆಯ ಭಾರ ಎಲ್ಲ ಸೇರಿ ಚದರ ಮೀಟರಿಗೆ 7.25 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಎಂದರೆ ಸುಮಾರು 100 ಕಿಲೋ ತೂಕ) ಹಾಕಿದಾಗ ಅತ್ಯಧಿಕ ಬಾಗು, ಅಂದರೆ ಸ್ಲಾಬು ಕೆಳಗೆ ಜಗ್ಗುವ ಅಳತೆ, 3.6 ಮಿ.ಮೀ. ಎಂದು ಅದು ಹೇಳುತ್ತಿತ್ತು. ಅದರ ಕೆಳಗೆ ಕೈಬರಹದಲ್ಲಿ, 4600ನ್ನು 250ರಿಂದ ಭಾಗಿಸಿದರೆ 18.4, ಆದ್ದರಿಂದ ಸುರಕ್ಷಿತ ಎಂದು ಬರೆದಿತ್ತು. ನಾವು ಚಾವಡಿಯಲ್ಲಿ ಲೇಸರ್ ಲೆವೆಲ್ ಇಟ್ಟು ನೋಡಿದಾಗ, ನೆಲಹಾಸೂ ಇಲ್ಲದ, ಬಳಕೆಯ ಭಾರವೂ ಇಲ್ಲದ ಆ ಸ್ಲಾಬಿನ ತಳ ಗೋಡೆಯಂಚಿಗಿಂತ ನಡುವೆ 14 ಮಿ.ಮೀ. ತಗ್ಗಿತ್ತು.

ಈ ಎರಡು ಅಂಕಿಗಳ ನಡುವಿನ ಅಂತರವನ್ನು ಕಂಡ ಕೂಡಲೇ ಕೆಲಸಗಾರರ ಮೇಲೋ ತಂತ್ರಾಂಶದ ಮೇಲೋ ತಪ್ಪು ಹೊರಿಸುವುದು ಸುಲಭ. ತಂತ್ರಾಂಶದ ಲೆಕ್ಕ ತಪ್ಪಾಗಿರಲಿಲ್ಲ. ನಡು ಗೋಡೆಯನ್ನು ದಾಟಿ ಒಂದೇ ಆಗಿ ಮುಂದುವರಿಯುವ ಎರಡು ಅಂಕಣಗಳ ನಿರಂತರ ಸ್ಲಾಬನ್ನು ಕಾಗದದ ಮೇಲೆ ಬಿಡಿಸಿದರೆ ನಡು ಆಧಾರದ ಮೇಲೆ ಮೀಟರಿಗೆ 15.3 ಕಿಲೋನ್ಯೂಟನ್ ಮೀಟರ್ ಮೊಮೆಂಟೂ (ಸ್ಲಾಬನ್ನು ಬಗ್ಗಿಸುವ ಬಲದ ಅಳತೆ), ಚಾವಡಿಯ ನಡುವೆ 3.5 ಮಿ.ಮೀ. ಬಾಗೂ ಬರುತ್ತದೆ. ಉಳಿದ ಸಣ್ಣ ವ್ಯತ್ಯಾಸಕ್ಕೂ ಕಾರಣವಿದೆ: ಕಾಂಕ್ರೀಟು ಕೆಲಸಕ್ಕಿರುವ ಭಾರತೀಯ ಸಂಹಿತೆ ಐಎಸ್ 456ರ ಸೂತ್ರದಂತೆ ಎಂ20 ಕಾಂಕ್ರೀಟಿನ ಸ್ಥಿತಿಸ್ಥಾಪಕತ್ವದ ಗುಣಾಂಕ, ಅಂದರೆ ವಸ್ತುವಿನ ಬಿಗಿತದ ಅಳತೆ, ಸುಮಾರು 22,360 ಮೆಗಾಪಾಸ್ಕಲ್, ಕಾಂಕ್ರೀಟ್ ಎಂದಷ್ಟೇ ನಮೂದಿಸಿದರೆ ಸ್ಟಾಡ್ ತಾನಾಗಿ ತೆಗೆದುಕೊಳ್ಳುವ ಮೌಲ್ಯ ಸುಮಾರು 21,700. ಲೆಕ್ಕ ಸರಿಯಾಗಿತ್ತು, ಆದರೆ ಅದು ಬೇರೊಂದು ಸ್ಲಾಬಿನ ಲೆಕ್ಕವಾಗಿತ್ತು. ಎಲ್ಲಿಯೂ ಬಿರುಕು ಬಿಡದ, ವರ್ಷಗಳು ಕಳೆದರೂ ಕ್ರೀಪ್ ಆಗದ (ನಿಂತ ಭಾರಕ್ಕೆ ನಿಧಾನವಾಗಿ ಜಗ್ಗದ), ಒಣಗಿ ಕುಗ್ಗದ, ನಕ್ಷೆಯಲ್ಲಿ ತೋರಿಸಿದ ಎತ್ತರದಲ್ಲಿಯೇ ಮೇಲ್ಗಂಬಿಗಳು ಕುಳಿತಿರುವ ಸ್ಲಾಬು ಅದು. ಅಂಥ ಸ್ಲಾಬನ್ನು ಯಾರೂ ಎಲ್ಲಿಯೂ ಹಾಕಿಲ್ಲ. 3.6 ಎಂಬ ಅಂಕಿಯನ್ನು 18.4ರ ಪಕ್ಕದಲ್ಲಿಟ್ಟದ್ದೇ ದೋಷ, ಏಕೆಂದರೆ ಐಎಸ್ 456:2000 ಹೇಳುವ ಅಂಕಣದ 250ನೇ ಒಂದು ಭಾಗದ ಮಿತಿ ಕ್ರೀಪ್, ಕುಗ್ಗುವಿಕೆ, ಉಷ್ಣತೆ ಎಲ್ಲವನ್ನೂ ಒಳಗೊಂಡ ಅಂತಿಮ ಬಾಗಿಗೆ ಅನ್ವಯಿಸುತ್ತದೆ. ತತ್‌ಕ್ಷಣದ, ಬಿರುಕಿಲ್ಲದ ಬಾಗನ್ನು ಆ ಮಿತಿಗೆ ಹೋಲಿಸುವುದಕ್ಕೆ ಅರ್ಥವಿಲ್ಲ.

ಅಂಕಣಕ್ಕೂ ಆಳಕ್ಕೂ ಇರುವ ಅನುಪಾತವನ್ನು ನೋಡಿದ್ದರೂ ಎಚ್ಚರಿಕೆ ಸಿಗುತ್ತಿತ್ತು. ಇಲ್ಲಿ ಆ ಅನುಪಾತ 36.8. ಸರಳ ಆಧಾರಕ್ಕೆ (ಸ್ಲಾಬಿನ ತುದಿಗಳು ಗೋಡೆಯ ಮೇಲೆ ಸುಮ್ಮನೆ ಕುಳಿತಿರುವುದಕ್ಕೆ) 20, ನಿರಂತರಕ್ಕೆ 26 ಎಂಬ ಸಂಹಿತೆಯ ಮೂಲ ಅಂಕಿಗಳ ನಡುವಣ 23ನ್ನು ಹಿಡಿದು, ಕಂಬಿಯ ಪ್ರಮಾಣಕ್ಕೂ ಅದರ ಎಳೆತಕ್ಕೂ ತಕ್ಕ ಗುಣಕವನ್ನು ಹಚ್ಚಿದರೆ ಈ ಸ್ಲಾಬು ಗಡಿಯ ಆಸುಪಾಸಿನಲ್ಲಿ ಬಂದು ನಿಲ್ಲುತ್ತದೆ; ಸರಳ ಆಧಾರವೆಂದು ಹಿಡಿದರೆ ಗಡಿಯನ್ನು ಸ್ಪಷ್ಟವಾಗಿ ದಾಟುತ್ತದೆ. ಈ ಹಳೆಯ ಅನುಪಾತದ ಪರೀಕ್ಷೆಯನ್ನು ಒರಟು ಎಂದು ಕಡೆಗಣಿಸಿ, ತಂತ್ರಾಂಶದ ಸೂಕ್ಷ್ಮ ಅಂಕಿಯನ್ನು ನಂಬುವ ಅಭ್ಯಾಸ ಈಗ ಹೆಚ್ಚಾಗಿದೆ. ನನ್ನ ಅಭಿಪ್ರಾಯದಲ್ಲಿ ಆ ಒರಟು ಪರೀಕ್ಷೆ ಬಿರುಕನ್ನೂ ಕಾಲವನ್ನೂ ತನ್ನೊಳಗೆ ಅಡಗಿಸಿಕೊಂಡಿರುವುದರಿಂದ, ಅವೆರಡನ್ನೂ ಬಿಟ್ಟ ಸೂಕ್ಷ್ಮ ಲೆಕ್ಕಕ್ಕಿಂತ ಹೆಚ್ಚು ವಿಶ್ವಾಸಾರ್ಹ.

ಐಎಸ್ 456ರ ಅನುಬಂಧ ಸಿ ಪ್ರಕಾರ ಕೈಲೆಕ್ಕ ಮಾಡಿದೆವು. ಎಂ20 ಕಾಂಕ್ರೀಟು ಬಾಗುವಾಗ ತಡೆಯುವ ಎಳೆತ 0.7 ಗುಣಿಸು 20ರ ವರ್ಗಮೂಲ, ಅಂದರೆ 3.13 ಮೆಗಾಪಾಸ್ಕಲ್. ಇದರಿಂದ 150 ಮಿ.ಮೀ. ಸ್ಲಾಬು ಮೀಟರಿಗೆ 11.7 ಕಿಲೋನ್ಯೂಟನ್ ಮೀಟರ್ ಮೊಮೆಂಟಿನಲ್ಲಿ ಬಿರುಕು ಬಿಡಬೇಕು. ಬಿರುಕು ಬಿಟ್ಟ ಅಡ್ಡಛೇದದಲ್ಲಿ ತಟಸ್ಥ ಅಕ್ಷ (ಒತ್ತಡವೂ ಎಳೆತವೂ ಇಲ್ಲದ ಗೆರೆ) ಮೇಲಂಚಿನಿಂದ 32 ಮಿ.ಮೀ. ಆಳಕ್ಕೆ ಏರಿ ನಿಲ್ಲುತ್ತದೆ, ಬಾಗನ್ನು ತಡೆಯುವ ಬಿಗಿತವನ್ನು ನಿರ್ಧರಿಸುವ ಮೊಮೆಂಟ್ ಆಫ್ ಇನರ್ಶಿಯಾ ಇಡೀ ಛೇದದ 21 ಶೇಕಡಾಕ್ಕೆ ಇಳಿಯುತ್ತದೆ. ತೆಳ್ಳಗಿನ ಸ್ಲಾಬುಗಳಲ್ಲಿ ಕಂಬಿಯ ಪ್ರಮಾಣ ಕಡಿಮೆಯಿರುವುದರಿಂದ ಈ ಕುಸಿತ ಇಷ್ಟು ದೊಡ್ಡದು. ದಪ್ಪ ತೊಲೆಗಳಲ್ಲಿ ಇಷ್ಟು ಕಾಣುವುದಿಲ್ಲ. ಇದೇ ಕಾರಣಕ್ಕೆ ತೊಲೆಯ ಬಾಗಿನ ಅನುಭವವನ್ನು ಸ್ಲಾಬಿಗೆ ತಂದು ಹಚ್ಚುವುದು ಅಪಾಯ.

ನಡು ಗೋಡೆಯ ಮೇಲೆ ಸ್ಲಾಬು ನಿಜಕ್ಕೂ ನಿರಂತರವಾಗಿದ್ದರೆ ಪೂರ್ಣ ಭಾರದಲ್ಲಿ ಚಾವಡಿಯ ಮೊಮೆಂಟು 12.3ಕ್ಕೆ ನಿಲ್ಲುತ್ತದೆ, ಬಿರುಕಿನ ಹೊಸ್ತಿಲನ್ನು ಅಷ್ಟೇ ದಾಟುತ್ತದೆ. ಆಗ ತತ್‌ಕ್ಷಣದ ಬಾಗು ಸುಮಾರು 9 ಮಿ.ಮೀ., ಕ್ರೀಪಿನಿಂದ 4, ಕುಗ್ಗುವಿಕೆಯಿಂದ 2, ಒಟ್ಟು 15ರ ಹತ್ತಿರ. ಮಿತಿಯೊಳಗೇ ಇದೆ. ಆದರೆ ಆ ಗೋಡೆಯ ಮೇಲೆ ಮೇಲ್ಗಂಬಿ ಕೆಲಸ ಮಾಡದೆ ಸ್ಲಾಬು ಸರಳ ಆಧಾರದಂತೆ ವರ್ತಿಸಿದರೆ ಮೊಮೆಂಟು 19.2ಕ್ಕೆ ಏರುತ್ತದೆ, ತತ್‌ಕ್ಷಣದ ಬಾಗು 25 ಮಿ.ಮೀ., ಕ್ರೀಪ್ 7, ಕುಗ್ಗುವಿಕೆ 2.7, ಒಟ್ಟು ಸುಮಾರು 35. ಅಂದರೆ 3.6 ಎಂದು ಪರದೆ ತೋರಿಸಿದ ಬಾಗಿಗೆ ಸಂಹಿತೆಯ ಲೆಕ್ಕದ ಉತ್ತರ, ಒಂದು ಗೋಡೆಯ ಮೇಲಿನ ಕಂಬಿ ಎಲ್ಲಿದೆ ಎಂಬುದನ್ನು ಹೊಂದಿಕೊಂಡು, 15ರಿಂದ 35ರವರೆಗೆ ಎಲ್ಲಿಯಾದರೂ ಇರಬಹುದು. ಇಷ್ಟು ಅಗಲದ ಹರವಿನ ನಡುವೆ ನಿರ್ಧಾರ ತೆಗೆದುಕೊಳ್ಳುವುದು ಸಾಧ್ಯವಿಲ್ಲ. ಅನುಬಂಧ ಸಿಯ ಸೂತ್ರಕ್ಕೆ ಇನ್ನೊಂದು ಸ್ವಭಾವವೂ ಇದೆ: ಮೊಮೆಂಟು ಬಿರುಕಿನ ಹೊಸ್ತಿಲನ್ನು ಕೂದಲೆಳೆಯಷ್ಟು ದಾಟಿದರೂ ಬಿಗಿತ ಒಂದೇ ನೆಗೆತಕ್ಕೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ನಿಜವಾದ ಸ್ಲಾಬು ಹಾಗೆ ನೆಗೆಯುವುದಿಲ್ಲ, ಬಿರುಕು ಬಿರುಕಾಗಿ ಮೆತ್ತಗಾಗುತ್ತದೆ. ಆದ್ದರಿಂದ ಹೊಸ್ತಿಲಿನ ಆಸುಪಾಸಿನಲ್ಲಿ ಕೆಲಸ ಮಾಡುವ ಇಂಥ ಸ್ಲಾಬುಗಳಿಗೆ ಸೂತ್ರ ಕೊಡುವ ಅಂಕಿಯನ್ನು ಕಣ್ಣುಮುಚ್ಚಿ ಒಪ್ಪಲಾಗದು.

ಈ ಹಂತದಲ್ಲಿ ಸೇಫ್ ಎಂಬ ಹೆಸರಿನ, ಸ್ಲಾಬುಗಳನ್ನು ಲೆಕ್ಕಹಾಕುವ ತಂತ್ರಾಂಶದಲ್ಲಿ ಇಡೀ ನೆಲವನ್ನು ಮತ್ತೆ ಕಟ್ಟಿ, ಬಿರುಕನ್ನೂ ದೀರ್ಘಕಾಲದ ಪರಿಣಾಮವನ್ನೂ ಸೇರಿಸಿ ವಿಶ್ಲೇಷಣೆ ನಡೆಸಿದೆವು. ಅಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳನ್ನು ರಚಿಸಬೇಕಾಗುತ್ತದೆ: ಎಲ್ಲ ಭಾರವೂ ತತ್‌ಕ್ಷಣ ಬಂದ ಸ್ಥಿತಿ, ಶಾಶ್ವತ ಭಾರ ಮಾತ್ರ ತತ್‌ಕ್ಷಣ ಬಂದ ಸ್ಥಿತಿ, ಶಾಶ್ವತ ಭಾರ ಕ್ರೀಪ್ ಮತ್ತು ಕುಗ್ಗುವಿಕೆಯೊಡನೆ ದೀರ್ಘಕಾಲ ನಿಂತ ಸ್ಥಿತಿ. ಮೂರನೆಯದಕ್ಕೆ ಮೊದಲೆರಡರ ವ್ಯತ್ಯಾಸವನ್ನು ಕೂಡಿಸಿದರೆ ಅಂತಿಮ ಬಾಗು ಸಿಗುತ್ತದೆ. ಬಿರುಕಿನ ವಿಶ್ಲೇಷಣೆಯಲ್ಲಿ ಬಾಗು ಭಾರಕ್ಕೆ ಸಮಪ್ರಮಾಣವಾಗಿ ಬೆಳೆಯುವುದಿಲ್ಲವಾದ್ದರಿಂದ ಬಿಡಿ ಭಾರಗಳ ಬಾಗುಗಳನ್ನು ಸುಮ್ಮನೆ ಒಟ್ಟುಗೂಡಿಸುವಂತಿಲ್ಲ. ಮೂರು ಸ್ಥಿತಿಗಳು ಬೇಕಾಗುವುದು ಇದಕ್ಕೇ. ಫಲಿತಾಂಶಗಳು ಕೈಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಬಂದರೂ ಹರವು ಹಾಗೆಯೇ ಉಳಿಯಿತು, ಏಕೆಂದರೆ ನಡು ಗೋಡೆಯ ಮೇಲೆ ಏನಾಗಿದೆ ಎಂಬುದನ್ನು ತಂತ್ರಾಂಶಕ್ಕೂ ನಾವೇ ಹೇಳಬೇಕು. ಇಲ್ಲೊಂದು ಮಾತು: ಭೂಕಂಪದ ವಿಶ್ಲೇಷಣೆಗಾಗಿ ಐಎಸ್ 1893 ತೊಲೆಗಳಿಗೆ 0.35, ಕಂಬಗಳಿಗೆ 0.70 ಎಂದು ಕೊಟ್ಟಿರುವ, ಬಿಗಿತವನ್ನು ತಗ್ಗಿಸುವ ಗುಣಕಗಳನ್ನು ಸ್ಲಾಬಿನ ಬಾಗಿಗೂ ಹಚ್ಚಿ ಕೈತೊಳೆದುಕೊಳ್ಳುವ ಪದ್ಧತಿ ಕೆಲವೆಡೆ ಇದೆ. ಆ ಅಂಕಿಗಳು ಆ ಕೆಲಸಕ್ಕಾಗಿ ಹುಟ್ಟಿದವಲ್ಲ.

ಹಾಗಾಗಿ ಸ್ಲಾಬನ್ನೇ ಪರೀಕ್ಷಿಸಬೇಕಾಯಿತು. ಕಂಬಿ ಪತ್ತೆಹಚ್ಚುವ ಉಪಕರಣವನ್ನು ನಡು ಗೋಡೆಯ ಮೇಲೆ ಸ್ಲಾಬಿನ ಮೈಮೇಲೆ ಎಳೆದಾಗ ಮೇಲ್ಗಂಬಿಗಳು ನಕ್ಷೆಯಂತೆ 150 ಮಿ.ಮೀ. ಅಂತರದಲ್ಲಿಯೇ ಇದ್ದವು, ಆದರೆ ಹೆಚ್ಚಿನವು ಮೇಲ್ಮೈಯಿಂದ ಸುಮಾರು 60 ಮಿ.ಮೀ. ಆಳದಲ್ಲಿದ್ದವು. ಇರಬೇಕಾದದ್ದು 25ರಿಂದ 30. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಸ್ಲಾಬು ಹಾಕುವ ದಿನ ಬಾಣಲೆ ಹೊತ್ತವರು ಆ ಕಂಬಿಗಳ ಮೇಲೆಯೇ ನಡೆಯುತ್ತಾರೆ. ಕೆಳಗೆ ಗಟ್ಟಿಯಾದ ಕಂಬಿಯ ಕುರ್ಚಿಗಳಿಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಅವು ಸ್ಲಾಬಿನ ಹೊಟ್ಟೆಗೆ ಇಳಿದಿರುತ್ತವೆ. ತಳದ ಕಂಬಿಗೆ ಕವರ್ ಬ್ಲಾಕ್ ಇಡುವ ರೂಢಿ ನಮ್ಮಲ್ಲಿ ಈಗ ಚೆನ್ನಾಗಿ ಬೇರೂರಿದೆ, ಮೇಲ್ಗಂಬಿಗೆ ಕುರ್ಚಿ ಇಡುವ ರೂಢಿ ಇನ್ನೂ ಬಂದಿಲ್ಲ. ಈ ಇಳಿತದಿಂದ ನಡು ಗೋಡೆಯ ಮೇಲೆ ಸ್ಲಾಬಿನ ಅಂತಿಮ ಸಾಮರ್ಥ್ಯ ಮೀಟರಿಗೆ ಸುಮಾರು 17.5 ಕಿಲೋನ್ಯೂಟನ್ ಮೀಟರಿಗೆ ಇಳಿದಿತ್ತು. ಪೂರ್ಣ ನಿರಂತರತೆಗೆ ಬೇಕಾದದ್ದು, ಮೊದಲಿನ 15.3ಕ್ಕೆ 1.5ರ ಸುರಕ್ಷತಾ ಗುಣಕ ಸೇರಿ, 22.9. ಸ್ಲಾಬು ಪೂರ್ತಿ ನಿರಂತರವೂ ಅಲ್ಲ, ಪೂರ್ತಿ ಸರಳವೂ ಅಲ್ಲ ಎಂಬುದು ಇಲ್ಲಿಗೆ ಸ್ಪಷ್ಟವಾಯಿತು.

ಎಷ್ಟು ನಿರಂತರ, ಎಷ್ಟು ಬಿರುಕು ಎಂಬುದನ್ನು ಅಳೆಯಲು ನೀರಿನ ಪರೀಕ್ಷೆಯನ್ನು ಆರಿಸಿದೆವು. ಒಂದು ಸೆಂಟಿಮೀಟರ್ ನೀರು ಚದರ ಮೀಟರಿಗೆ 0.1 ಕಿಲೋನ್ಯೂಟನ್ ಭಾರ. ಇದಕ್ಕಿಂತ ಸಮನಾಗಿ ಹರಡುವ, ಇದಕ್ಕಿಂತ ಸುಲಭವಾಗಿ ಇಳಿಸಬಹುದಾದ ಭಾರ ಬೇರೆ ಇಲ್ಲ. ಮಳೆ ನಿಂತ ಮೇಲೆ, ನವೆಂಬರಿನಲ್ಲಿ, ಚಾವಡಿಯ ಅಂಕಣದ ಸುತ್ತ ಇಟ್ಟಿಗೆಯ ಕಟ್ಟೆ ಕಟ್ಟಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮನೆಯ ಹಿಂದೆ ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನು ತೊಟ್ಟಿಯಿಂದ ಪೈಪಿನಲ್ಲಿ ತಂದು ತುಂಬಿಸಿದೆವು. 20 ಸೆಂ.ಮೀ. ಎತ್ತರಕ್ಕೆ ಒಂಬತ್ತು ಸಾವಿರ ಲೀಟರಿಗಿಂತ ಹೆಚ್ಚು ನೀರು ಬೇಕಾಯಿತು. ಏಪ್ರಿಲ್, ಮೇ ತಿಂಗಳಲ್ಲಾಗಿದ್ದರೆ ಈ ಊರಿನಲ್ಲಿ ಅಷ್ಟು ನೀರನ್ನು ಯಾರಿಂದಲೂ ಕೇಳುವಂತಿರಲಿಲ್ಲ. ಕೆಳಗೆ ಚಾವಡಿಯಲ್ಲಿ ಸ್ಲಾಬಿಗೆ ತಾಗದಂತೆ 40 ಮಿ.ಮೀ. ಅಂತರ ಬಿಟ್ಟು ಜಾಕಿಗಳನ್ನು (ತಾತ್ಕಾಲಿಕ ಆಧಾರದ ಕಂಬಗಳನ್ನು) ನಿಲ್ಲಿಸಲಾಗಿತ್ತು, ನಡುವೆ ಬಾಗನ್ನು ಅಳೆಯುವ ಡಯಲ್ ಗೇಜ್ ಇತ್ತು, ಪರೀಕ್ಷೆ ಮುಗಿಯುವವರೆಗೆ ಮನೆಯವರಿಗೆ ಚಾವಡಿಯ ಪ್ರವೇಶ ಇರಲಿಲ್ಲ.

ಐಎಸ್ 456 ಹೇಳುವ ಭಾರ ಪರೀಕ್ಷೆಯಲ್ಲಿ ಪೂರ್ಣ ಶಾಶ್ವತ ಭಾರದ ಜೊತೆಗೆ ಬಳಕೆಯ ಭಾರದ 1.25 ಪಟ್ಟನ್ನು 24 ಗಂಟೆ ಇಡಬೇಕು. ಇಲ್ಲಿ ಅದಕ್ಕೆ 37.5 ಸೆಂ.ಮೀ. ನೀರು ಬೇಕಾಗುತ್ತಿತ್ತು, ತಾತ್ಕಾಲಿಕ ಇಟ್ಟಿಗೆ ಕಟ್ಟೆ ಆ ಎತ್ತರದ ನೀರಿನ ಒತ್ತಡವನ್ನು ತಡೆಯುವುದೆಂಬ ಭರವಸೆ ಇರಲಿಲ್ಲ. ನಮ್ಮದು ಸ್ಲಾಬನ್ನು ಪಾಸು ಮಾಡುವ ಪರೀಕ್ಷೆಯಲ್ಲ, ಅದರ ಬಿಗಿತವನ್ನು ಅಳೆಯುವ ಪರೀಕ್ಷೆ ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆದೆವು. ನೀರು 5 ಸೆಂ.ಮೀ. ಆದಾಗ ಬಾಗು 0.6 ಮಿ.ಮೀ., 10 ಆದಾಗ 1.4, 15 ಆದಾಗ 2.3, 20 ಆದಾಗ 3.4. ಒಂದು ದಿನ ನಿಂತಾಗ 3.7. ನೀರು ಬಿಟ್ಟ ಮಾರನೆಯ ದಿನ ಉಳಿದದ್ದು 0.6. ಏರಿಕೆಯ ಹೆಜ್ಜೆಗಳು 0.6, 0.8, 0.9, 1.1 ಎಂದು ಹೆಚ್ಚುತ್ತ ಹೋದದ್ದನ್ನು ಗಮನಿಸಬೇಕು. ಸ್ಲಾಬು ಭಾರ ಹೆಚ್ಚಾದಂತೆ ಮೆತ್ತಗಾಗುತ್ತಿದೆ, ಅಂದರೆ ಬಿರುಕಿನ ಹೊಸ್ತಿಲನ್ನು ದಾಟುತ್ತಲೇ ಇದೆ.

ಚಾವಡಿಯ ಅಂಕಣದ ಮೇಲೆ ಮಾತ್ರ ಚದರ ಮೀಟರಿಗೆ 2 ಕಿಲೋನ್ಯೂಟನ್ ಹಾಕಿದರೆ, ಬಿರುಕಿಲ್ಲದ ನಿರಂತರ ಸ್ಲಾಬು 1.2 ಮಿ.ಮೀ. ಬಾಗಬೇಕು, ಬಿರುಕಿಲ್ಲದ ಸರಳ ಸ್ಲಾಬು 1.85. ಬಿರುಕು ಬಿಟ್ಟ ಸರಳ ಸ್ಲಾಬಿಗೆ ಅನುಬಂಧ ಸಿಯಂತೆ ಸುಮಾರು 6. ನಾವು ಕಂಡ 3.4 ಇವುಗಳ ನಡುವೆ ಬಿತ್ತು. ನಡು ಗೋಡೆಯ ಮೇಲೆ ಅರ್ಧ ನಿರಂತರತೆ ಮತ್ತು ಇಡೀ ಛೇದದ 0.45ರಷ್ಟು ಬಿಗಿತ ಎಂದು ಹಿಡಿದಾಗ ತಂತ್ರಾಂಶದ ಮಾದರಿಯೂ 3.4 ಕೊಟ್ಟಿತು. ಇನ್ನಷ್ಟು ನಿರಂತರತೆ, ಇನ್ನಷ್ಟು ಬಿರುಕು ಎಂಬ ಜೋಡಿಯೂ ಅದೇ ಅಂಕಿಯನ್ನು ಕೊಡಬಲ್ಲದು ನಿಜ. ಒಂದು ಅಳತೆಯಿಂದ ಎರಡು ಅಜ್ಞಾತಗಳನ್ನು ಬಿಡಿಸಲಾಗದು. ಆದರೆ ಅರ್ಧ ನಿರಂತರತೆ ಎಂಬ ಆಯ್ಕೆಗೆ ಮೇಲ್ಗಂಬಿಯ ಆಳದ ಬೆಂಬಲವಿತ್ತು, ಶಕ್ತಿಯ ಲೆಕ್ಕದಲ್ಲಿಯೂ ಅದು ಸುರಕ್ಷಿತ ಬದಿಯಲ್ಲಿತ್ತು. ಅದೇ ಮಾದರಿಯಲ್ಲಿ ಈಗಿನ ಭಾರಕ್ಕೆ ಮೂರು ವರ್ಷದ ಕ್ರೀಪ್ ಮತ್ತು ಕುಗ್ಗುವಿಕೆಯನ್ನು ಸೇರಿಸಿದರೆ ಸುಮಾರು 12 ಮಿ.ಮೀ. ಬಂದಿತು. ಲೇಸರಿನಲ್ಲಿ ಕಂಡ 14ರಲ್ಲಿ ಉಳಿದೆರಡು ಮಿಲಿಮೀಟರು ಸೆಂಟ್ರಿಂಗ್ ಹಲಗೆಯ ತಗ್ಗೋ ಸಾರಣೆಯ ದಪ್ಪವೋ ಆಗಿರಬಹುದು, ಅದನ್ನು ಹುಡುಕುತ್ತ ಹೋಗುವ ಅಗತ್ಯ ಕಾಣಲಿಲ್ಲ.

ಹೊಂದಿಸಿದ ಈ ಮಾದರಿ ಕೈಯಲ್ಲಿದ್ದಾಗ ಗೋಡೆಯ ಪ್ರಶ್ನೆ ಬೇಗ ಬಗೆಹರಿಯಿತು. 20 ಸೆಂ.ಮೀ. ದಪ್ಪದ, 3 ಮೀಟರ್ ಎತ್ತರದ ಕೆಂಪುಕಲ್ಲಿನ ಗೋಡೆ ಎರಡೂ ಬದಿಯ ಸಾರಣೆ ಸೇರಿ ಮೀಟರಿಗೆ ಸುಮಾರು 14 ಕಿಲೋನ್ಯೂಟನ್ ತೂಗುತ್ತದೆ. ಅಂಕಣದ ನಡುವೆ ಅದನ್ನು ಕೂರಿಸಿದರೆ ಸ್ಲಾಬು ತಡೆಯಬೇಕಾದ ಅಂತಿಮ ಮೊಮೆಂಟು 45ರ ಹತ್ತಿರಕ್ಕೆ ಹೋಗುತ್ತದೆ, ಸಾಮರ್ಥ್ಯ 30. ಬಾಗಿನ ಮಾತೇ ಬೇಡ, ಶಕ್ತಿಯಲ್ಲಿಯೇ ಅದು ಆಗದ ಕೆಲಸ. 10 ಸೆಂ.ಮೀ. ದಪ್ಪದ, ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟಿನ ಎಎಸಿ ಬ್ಲಾಕಿನ ಗೋಡೆ ಮೀಟರಿಗೆ 3.3 ಕಿಲೋನ್ಯೂಟನ್. ಅದರೊಂದಿಗೆ ಚಾವಡಿಯ ನಡುವೆ ಬೇಕಾದ ಸಾಮರ್ಥ್ಯ 28.2, ನಡು ಗೋಡೆಯ ಮೇಲೆ 12.7. ಇರುವುದು ಕ್ರಮವಾಗಿ 29.9 ಮತ್ತು 17.5. ಒಪ್ಪಬಹುದು, ಆದರೆ ಹೆಚ್ಚು ಉಳಿತಾಯವಿಲ್ಲ. ಇದೇ ಗೋಡೆಗೆ ಸ್ಲಾಬನ್ನು ಪೂರ್ತಿ ಸರಳ ಆಧಾರವೆಂದು ಹಿಡಿದಿದ್ದರೆ 34.5 ಬೇಕಾಗುತ್ತಿತ್ತು, ಆಗ ಒಪ್ಪಿಗೆ ಕೊಡಲಾಗುತ್ತಿರಲಿಲ್ಲ. ಮೇಲ್ಗಂಬಿಯ ಆಳವನ್ನು ಅಳೆದದ್ದರ ಬೆಲೆ ತಿಳಿಯುವುದು ಇಲ್ಲಿ.

ಗೋಡೆ ಕಟ್ಟಿದ ನಂತರ ಆಗುವ ಬಾಗಿಗೆ ಸಂಹಿತೆಯ ಮಿತಿ ಅಂಕಣದ 350ನೇ ಒಂದು ಭಾಗ ಅಥವಾ 20 ಮಿ.ಮೀ., ಯಾವುದು ಕಡಿಮೆಯೋ ಅದು, ಇಲ್ಲಿ 13.1. ಗೋಡೆಯದೇ ಭಾರದಿಂದ 2.2, ನೆಲಹಾಸು ಮತ್ತು ಗೋಡೆಯ ಕ್ರೀಪಿನಿಂದ 1.6, ಬಳಕೆಯ ಭಾರದಿಂದ 4, ಹಳೆಯ ಕಾಂಕ್ರೀಟಿನಲ್ಲಿ ಇನ್ನೂ ಉಳಿದಿರುವ ಚಲನೆಗೆ 1, ಒಟ್ಟು 9ರ ಒಳಗೆ. ಕ್ರೀಪ್ ಇಷ್ಟು ಸಣ್ಣದಾಗಲು ಕಾಂಕ್ರೀಟಿನ ವಯಸ್ಸು ಕಾರಣ. ಸಂಹಿತೆಯ ಕ್ರೀಪ್ ಗುಣಾಂಕ 7 ದಿನದ ಕಾಂಕ್ರೀಟಿಗೆ 2.2, 28 ದಿನಕ್ಕೆ 1.6, ಒಂದು ವರ್ಷಕ್ಕೆ 1.1. ಮೂರು ಮಳೆಗಾಲ ಕಾದದ್ದರಿಂದ ಈ ಮನೆಗೆ ಆದ ಲಾಭ ಇದೊಂದೇ ಎನ್ನಬಹುದು. ಹಾಳಾಗುವ ಸಂಭವವಿರುವ ಗೋಡೆಗಳಿಗೆ ಅಮೆರಿಕದ ಎಸಿಐ 318 ಕೇಳುವ 480ನೇ ಒಂದು ಭಾಗದ ಕಟ್ಟುನಿಟ್ಟಾದ ಮಿತಿಯನ್ನು, ಅಂದರೆ 9.6 ಮಿ.ಮೀ. ಅನ್ನೂ ಈ ಅಂಕಿ ದಾಟುವುದಿಲ್ಲ. ಬ್ಲಾಕಿನ ಗೋಡೆ ಎಳೆತವನ್ನು ಸಹಿಸದ ವಸ್ತುವಾದ್ದರಿಂದ ನಾನು ಆ ಮಿತಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ನೋಡುತ್ತೇನೆ.

ಅಂತಿಮ ಬಾಗಿನ ಸಂಗತಿ ಅಷ್ಟು ನೇರವಾಗಿಲ್ಲ. ಈಗಿನ 12ಕ್ಕೆ ಮುಂದೆ ಬರುವುದನ್ನು ಸೇರಿಸಿದರೆ ಒಟ್ಟು 22ರಿಂದ 23 ಮಿ.ಮೀ. ಆಗುತ್ತದೆ, 18.4ರ ಮಿತಿಯನ್ನು ಮೀರುತ್ತದೆ. ಗೋಡೆಯನ್ನು ಪೂರ್ತಿ ಬಿಟ್ಟರೂ 19ರ ಮೇಲೆಯೇ ಉಳಿಯುತ್ತದೆ. ಅಂದರೆ ಇದು ಗೋಡೆಯ ದೋಷವಲ್ಲ, ಸ್ಲಾಬಿನ ದೋಷ. ಸಂಹಿತೆ ಈ ಮಿತಿಯನ್ನು ಸಾಮಾನ್ಯವಾಗಿ ಮೀರಬಾರದು ಎಂಬ ಧಾಟಿಯಲ್ಲಿ ಹೇಳುತ್ತದೆ, ಅದರ ಉದ್ದೇಶ ಮುಖ್ಯವಾಗಿ ನೋಟ ಮತ್ತು ಬಳಕೆಯ ಅನುಕೂಲ. ಹೊಸ ವಿನ್ಯಾಸದಲ್ಲಿ ಇದನ್ನು ಸಡಿಲಿಸುವುದಕ್ಕೆ ನಾನು ಒಪ್ಪುವುದಿಲ್ಲ. ಇರುವ ಸ್ಲಾಬಿನಲ್ಲಿ, ಶಕ್ತಿಯೂ ಗೋಡೆಯ ನಂತರದ ಬಾಗೂ ಸರಿಯಿದ್ದಾಗ, ಚಾವಡಿಯ ನಡುವೆ ಉಕ್ಕಿನ ತೊಲೆಯೊಂದನ್ನು ಕೊಡುವ ಆಯ್ಕೆಯನ್ನೂ, ಹಾಗೆಯೇ ಬಿಟ್ಟರೆ ಕಾಣಬಹುದಾದ ತಗ್ಗನ್ನೂ ಬರವಣಿಗೆಯಲ್ಲಿ ಮನೆಯವರ ಮುಂದಿಟ್ಟೆವು. ಅವರು ತೊಲೆ ಬೇಡವೆಂದು, ಚಾವಡಿಗೆ ಜಿಪ್ಸಂ ಸೀಲಿಂಗ್ ಮಾಡಿಸುವುದಾಗಿ ತೀರ್ಮಾನಿಸಿದರು. ಇದೇ ಸಮಯದಲ್ಲಿ ಗುತ್ತಿಗೆದಾರರೊಬ್ಬರು ಮುಂದಿನ ಸ್ಲಾಬಿನಲ್ಲಿ ದಪ್ಪದೊಳಗೇ ಅಡಗುವ ಕನ್ಸೀಲ್ಡ್ ಬೀಮ್ ಹಾಕಿದರೆ ಬಾಗೇ ಇರುವುದಿಲ್ಲ ಎಂದು ಸೂಚಿಸಿದ್ದರು. ಸ್ಲಾಬಿನಷ್ಟೇ ದಪ್ಪದ ತೊಲೆ ಕಂಬಿಯನ್ನು ಹೆಚ್ಚಿಸುತ್ತದೆಯೇ ಹೊರತು ಆಳವನ್ನು ಹೆಚ್ಚಿಸುವುದಿಲ್ಲ. ಬಾಗನ್ನು ಹಿಡಿಯುವುದು ಮುಖ್ಯವಾಗಿ ಆಳ.

ಎಎಸಿ ಗೋಡೆಗೆ ಎರಡು ಷರತ್ತುಗಳಿದ್ದವು. ನೆಲಹಾಸು ಮುಗಿದು, ಉಪ್ಪರಿಗೆಯ ಸ್ಲಾಬಿನ ಜಾಕಿಗಳನ್ನು ತೆಗೆದ ಮೇಲೆ ಮಾತ್ರ ಗೋಡೆ ಏರಬೇಕು. ಗೋಡೆಯ ತಲೆಗೂ ಮೇಲಿನ ಸ್ಲಾಬಿನ ತಳಕ್ಕೂ ನಡುವೆ 20 ಮಿ.ಮೀ. ಬಿಟ್ಟು ಅದನ್ನು ಗಾರೆಯಿಂದಲ್ಲ, ಮೆತ್ತನೆಯ ಫೋಮಿನಿಂದ ತುಂಬಬೇಕು. ಮೇಸ್ತ್ರಿಗಳು ಆ ಬಿರುಕಿನಂಥ ಸಂದನ್ನು ಸಿಮೆಂಟು ತುಂಬಿ ಮುಚ್ಚದೆ ಬಿಡುವುದಿಲ್ಲವಾದ್ದರಿಂದ ಇದನ್ನು ನಕ್ಷೆಯಲ್ಲಿ ದೊಡ್ಡದಾಗಿ ಬರೆಯಲಾಯಿತು. ಸಂದು ಮುಚ್ಚಿದರೆ ಮೇಲಿನ ಸ್ಲಾಬು ಬಾಗಿ ಗೋಡೆಯ ಮೇಲೆ ಕುಳಿತುಕೊಳ್ಳುತ್ತದೆ, ಅದರ ಭಾರ ಗೋಡೆಯ ಮೂಲಕ ಇಳಿದು ಈಗಾಗಲೇ ಬಳಲಿರುವ ಕೆಳಗಿನ ಸ್ಲಾಬಿನ ನಡುವಿಗೆ ಬರುತ್ತದೆ. ತಂತ್ರಾಂಶದ ಯಾವ ಮಾದರಿಯಲ್ಲಿಯೂ ಆ ಗೋಡೆ ಆಧಾರವಾಗಿರುವುದಿಲ್ಲ, ಕಟ್ಟಡದಲ್ಲಿ ಮಾತ್ರ ಆಗಿಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಗೋಡೆಯದಾಗಿರಲಿಲ್ಲ. ಉಪ್ಪರಿಗೆಯ ಸ್ಲಾಬನ್ನು 175 ಮಿ.ಮೀ. ದಪ್ಪಕ್ಕೆ, ಎಂ25 ಕಾಂಕ್ರೀಟಿನಲ್ಲಿ, ಮಳೆಗೆ ಒಡ್ಡಿಕೊಳ್ಳುವುದರಿಂದ 30 ಮಿ.ಮೀ. ಕವರಿನೊಂದಿಗೆ ವಿನ್ಯಾಸ ಮಾಡಲಾಗಿತ್ತು. ಅದನ್ನು ಹಾಕುವ ದಿನ ಹಸಿ ಕಾಂಕ್ರೀಟಿನ 4.4, ಸೆಂಟ್ರಿಂಗಿನ 0.5, ಕೆಲಸಗಾರರು ಮತ್ತು ಸಲಕರಣೆಯ 1.5 ಕಿಲೋನ್ಯೂಟನ್ ಭಾರ ಜಾಕಿಗಳ ಮೂಲಕ ಕೆಳಗಿನ ಸ್ಲಾಬಿಗೆ ಇಳಿಯುತ್ತದೆ. ಅದರ ಸ್ವಂತ 4 ಸೇರಿ ಚದರ ಮೀಟರಿಗೆ 10.4. ವಿನ್ಯಾಸದ 7.25ಕ್ಕಿಂತ ಇದು ಎಷ್ಟೋ ಹೆಚ್ಚು; ಆ ಸ್ಲಾಬಿನ ಇಡೀ ಆಯುಷ್ಯದಲ್ಲಿ ಇದಕ್ಕಿಂತ ಭಾರದ ದಿನ ಬರುವುದಿಲ್ಲ. ಅರ್ಧ ನಿರಂತರತೆಯಲ್ಲಿ ಸುರಕ್ಷತಾ ಗುಣಕ ಸೇರಿ ಬೇಕಾಗುವ ಸಾಮರ್ಥ್ಯ 33, ಇರುವುದು 30. ಅಂದು ಸ್ಲಾಬು ಬೀಳದೆ ಉಳಿದರೂ, ಹೊಸ ಬಿರುಕುಗಳು ತೆರೆದು ನಾವು ನೀರಿನಿಂದ ಅಳೆದ ಬಿಗಿತ ಕಡಿಮೆಯಾಗುತ್ತಿತ್ತು, ನಂತರದ ಎಲ್ಲ ಲೆಕ್ಕವೂ ಕೆಡುತ್ತಿತ್ತು. ಆದ್ದರಿಂದ ಉಪ್ಪರಿಗೆಯ ಜಾಕಿಗಳ ನೇರ ಕೆಳಗೆ ಚಾವಡಿಯಲ್ಲಿಯೂ ಜಾಕಿಗಳನ್ನು ನಿಲ್ಲಿಸಿ, ಅವುಗಳ ಬುಡಕ್ಕೆ ಹಲಗೆ ಕೊಟ್ಟು, ಭಾರವನ್ನು ನೆಲಕ್ಕೆ ಒಯ್ಯಲಾಯಿತು. ನೆಲದ ಟೈಲ್ಸ್ ಹಾಳಾದೀತೆಂದು ಮನೆಯವರು ಮೊದಲು ಹಿಂಜರಿದರೂ ಲೆಕ್ಕ ತೋರಿಸಿದ ಮೇಲೆ ಒಪ್ಪಿದರು. ಜಾಕಿಗಳನ್ನು ಸ್ಲಾಬಿನ ತಳಕ್ಕೆ ಬಿಗಿದು ಎತ್ತದೆ, ತಾಗಿದಷ್ಟಕ್ಕೇ ನಿಲ್ಲಿಸಬೇಕೆಂದು ಹೇಳಲಾಗಿತ್ತು, ಏಕೆಂದರೆ ತಳದಿಂದ ಮೇಲಕ್ಕೆ ತಳ್ಳಿದರೆ ಕಂಬಿಯಿಲ್ಲದ ಮೇಲ್ಬದಿಯಲ್ಲಿ ಬಿರುಕು ಬೀಳುತ್ತದೆ.

ಉಪ್ಪರಿಗೆಯ ಸ್ಲಾಬಿನ ಅಂಕಣ–ಆಳದ ಅನುಪಾತ 33. ನಡು ಗೋಡೆಯ ಮೇಲೆ ನಿರಂತರತೆ ಇದ್ದರೆ ಅದು ಮಿತಿಯೊಳಗೆ ಬರುತ್ತದೆ, ಇಲ್ಲದಿದ್ದರೆ ಬರುವುದಿಲ್ಲ. ಹಾಗಾಗಿ ಮೇಲ್ಗಂಬಿಯ ಕೆಳಗೆ 10 ಮಿ.ಮೀ. ಕಂಬಿಯ ಕುರ್ಚಿಗಳನ್ನು ಮೀಟರಿಗೊಂದರಂತೆ ಇಡಿಸಿ, ಕೆಲಸಗಾರರ ಓಡಾಟಕ್ಕೆ ಹಲಗೆಯ ದಾರಿಯನ್ನು ಬೇರೆಯಾಗಿ ಹಾಕಿಸಿ, ಕಾಂಕ್ರೀಟು ಬೀಳುವ ಮುನ್ನ ಕಂಬಿಯ ಎತ್ತರವನ್ನು ಅಳೆದು ಬರೆದಿಟ್ಟುಕೊಳ್ಳಲಾಯಿತು. 4.5 ಮೀಟರಿಗಿಂತ ದೊಡ್ಡ ಅಂಕಣದ ಸ್ಲಾಬಿಗೆ ಜಾಕಿಗಳನ್ನು ಕನಿಷ್ಠ 14 ದಿನ ಇಡಬೇಕೆಂದು ಸಂಹಿತೆ ಹೇಳುತ್ತದೆ. ನಾವು 28 ದಿನ ಇರಿಸಿ, ಮೊದಲು ಉಪ್ಪರಿಗೆಯವನ್ನು, ನಂತರ ಚಾವಡಿಯವನ್ನು ನಡುವಿನಿಂದ ಗೋಡೆಯ ಕಡೆಗೆ ಒಂದೊಂದಾಗಿ ಸಡಿಲಿಸಿದೆವು. ಚಾವಡಿಯ ತಳದಲ್ಲಿ ಲೇಸರಿನ ಓದು ಜಾಕಿಗಳನ್ನು ನಿಲ್ಲಿಸುವ ಮುನ್ನ ಇದ್ದಲ್ಲಿಯೇ, ಒಂದು ಮಿಲಿಮೀಟರಿನ ಒಳಗೆ, ಇತ್ತು. ನೆಲಹಾಸಿನ ಕೆಲಸಕ್ಕೆ ಒಪ್ಪಿಗೆ ಕೊಟ್ಟದ್ದು ಆ ಓದನ್ನು ನೋಡಿದ ಮೇಲೆ.